ಎರಡು ನೀಲಿಯಲ್ಲಿ ಯಾವುದು? ಬಿಸಿಲೂರಿನ ಮನೆಗೆ ಬಣ್ಣ ಆರಿಸುವ ಸಮಗ್ರ ಮಾರ್ಗದರ್ಶಿ

ಹಳದಿ, ಗುಲಾಬಿ, ಕೆನೆ ಬಣ್ಣಗಳಾದರೆ ಬಣ್ಣದ ಕಂಪನಿಯ ಶೇಡ್ ಕಾರ್ಡಿನ ಮುಂದೆ ಕೂತು ಬೇಗ ತೀರ್ಮಾನ ಮಾಡಬಹುದು. ನೀಲಿಯದು ಹಾಗಲ್ಲ. ಸೋಸಿ ಸೋಸಿ ಕೊನೆಗೆ ಎರಡು ಉಳಿಯುತ್ತವೆ. ಒಂದು ತಿಳಿಯಾದ ಆಕಾಶ ನೀಲಿ, ಇನ್ನೊಂದು ಸ್ವಲ್ಪ ಬೂದು ಬೆರೆತ ನೀಲಿ. ಅಷ್ಟರಲ್ಲಿ ಮನೆಯಲ್ಲಿ ಎರಡು ಪಕ್ಷ ಆಗಿರುತ್ತವೆ. ಪೇಂಟರ್ ಕೈಕಟ್ಟಿ ನಿಂತಿರುತ್ತಾರೆ. "ಎರಡೂ ಒಂದೇ ಕಾಣ್ತಾವ್ರೀ, ಯಾವ್ದರ ಒಂದ್ ಹೇಳ್ರಿ, ಹಚ್ಚಿಬಿಡ್ತೀನಿ" ಅನ್ನುತ್ತಾರೆ.

ಒಂದೇ ಥರ ಕಾಣುವುದು ಕಾರ್ಡಿನಲ್ಲಿ ಮಾತ್ರ. ನಾಲ್ಕೂ ಗೋಡೆಗೆ ಹಚ್ಚಿದ ಮೇಲೆ ಒಂದು ಹಿತವಾಗಿರುತ್ತದೆ, ಇನ್ನೊಂದು ಕಣ್ಣು ಕುಕ್ಕುತ್ತದೆ. ಯಾವುದು ಹೇಗೆ ಎಂದು ಮೊದಲೇ ತಿಳಿಯಲು ನಾಲ್ಕು ರಟ್ಟಿನ ತುಂಡು, ಒಂದು ಬ್ರಷ್ಷು, ಎರಡು ಮೂರು ದಿನ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ನೀಲಿಯನ್ನು ಪರೀಕ್ಷೆ ಮಾಡಬೇಕಾದದ್ದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮತ್ತು ರಾತ್ರಿ ದೀಪದ ಕೆಳಗೆ. ಬಣ್ಣದ ಬಗ್ಗೆ ಬರುವ ಸಲಹೆಗಳೆಲ್ಲ ಕಿಟಕಿ ತೆರೆದಿಟ್ಟ ಕೋಣೆಯ ಲೆಕ್ಕದಲ್ಲಿ ಇರುತ್ತವೆ. ನಾವೋ, ಮಾರ್ಚ್ ಬಂದರೆ ಬೆಳಿಗ್ಗೆ ಹತ್ತಕ್ಕೇ ಕಿಟಕಿ ಹಾಕಿ ಪರದೆ ಎಳೆಯುವವರು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಹಗಲಲ್ಲೂ ಲೈಟು ಉರಿಯುತ್ತಿರುತ್ತದೆ. ದಸರಾ, ದೀಪಾವಳಿ ಹೊತ್ತಿಗೆ ಕಿಟಕಿ ತೆರೆದು ನೋಡಿ ಒಪ್ಪಿದ ಬಣ್ಣ ಬೇಸಿಗೆಯಲ್ಲಿ ಬೇರೆಯೇ ಕಾಣುವುದು ಇದಕ್ಕೇ.

ಇನ್ನೊಂದು ಮಾತು. "ನೀಲಿ ಹಚ್ಚಿದರೆ ಮನೆ ತಂಪು" ಅಂತ ಯಾರಾದರೂ ಹೇಳಿದರೆ, ಅದು ಕಣ್ಣಿಗೆ ಮಾತ್ರ ತಂಪು. ಒಳಗೋಡೆಯ ಬಣ್ಣದಿಂದ ಕೋಣೆಯ ಶಾಖ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಶಾಖ ಇಳಿಯುವುದು ತಾರಸಿಗೆ ಬಿಳಿ ಬಣ್ಣ ಹಚ್ಚಿದರೆ, ಕಿಟಕಿಗೆ ಸಜ್ಜಾ ಇದ್ದರೆ. ಈ ಕಾರಣಕ್ಕೆ ಎರಡರಲ್ಲಿ ಒಂದನ್ನು ಆರಿಸಬೇಡಿ.

1. ಎರಡರ ಒಳಬಣ್ಣ ಯಾವುದು ನೋಡಿ

ಶುದ್ಧ ನೀಲಿ ಗೋಡೆಯ ಬಣ್ಣ ಇಲ್ಲವೇ ಇಲ್ಲ ಅನ್ನಬಹುದು. ಪ್ರತಿ ನೀಲಿಯ ಒಳಗೂ ಹಸಿರು, ನೇರಳೆ ಅಥವಾ ಬೂದು ಇರುತ್ತದೆ. ಬಳ್ಳಾರಿಯವರಿಗೆ ಇದನ್ನು ವಿವರಿಸುವುದು ಸುಲಭ. ಜೀನ್ಸ್ ಹೊಲಿಯುವ ಊರು ಅಲ್ವಾ? ಒಗೆಯದ ಹೊಸ ಡೆನಿಮ್ಮಿನ ನೀಲಿ ಒಂದು, ನಾಲ್ಕಾರು ಸಲ ವಾಶ್ ಆಗಿ ಬಂದ ಪ್ಯಾಂಟಿನ ನೀಲಿ ಇನ್ನೊಂದು. ಎರಡಕ್ಕೂ ನೀಲಿ ಅಂತಲೇ ಹೆಸರು, ಆದರೆ ಪಕ್ಕಪಕ್ಕ ಇಟ್ಟರೆ ಮೊದಲನೆಯದರಲ್ಲಿ ನೇರಳೆ ಛಾಯೆ ಇಣುಕುತ್ತದೆ, ಎರಡನೆಯದರಲ್ಲಿ ಬೂದು.

ಪರೀಕ್ಷೆ ಹೀಗೆ ಮಾಡಿ. ಒಂದು ಬಿಳಿ ಹಾಳೆಯ ಮೇಲೆ ಎರಡೂ ಶೇಡಿನ ತುಂಡುಗಳನ್ನು ಅಂಟಿಸಿ ಇಡಿ. ಬಣ್ಣದ ಗೋಡೆಯ ಮುಂದೆ ಹಿಡಿದು ನೋಡಬೇಡಿ. ಹಳೆಯ ಪಿಸ್ತಾ ಹಸಿರು ಗೋಡೆಯ ಮುಂದೆ ಬೂದು ನೀಲಿ ಸ್ವಲ್ಪ ನೇರಳೆಗೆ ತಿರುಗಿದಂತೆ ಕಾಣುತ್ತದೆ. ಹಳದಿ ಗೋಡೆಯ ಮುಂದೆ ಯಾವ ನೀಲಿಯಾದರೂ ಇರುವುದಕ್ಕಿಂತ ಜಾಸ್ತಿ ನೀಲಿಯಾಗುತ್ತದೆ. ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಬಿಳಿ ಹಾಳೆಯ ಮೇಲಾದರೆ ಒಳಬಣ್ಣ ತಾನೇ ಎದ್ದು ಬರುತ್ತದೆ.

ಆಗಲೂ ಗೊತ್ತಾಗದಿದ್ದರೆ ಶೇಡ್ ಕಾರ್ಡಿನ ಅದೇ ಪಟ್ಟಿಯ ಕೆಳತುದಿ ನೋಡಿ. ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿ ಒಂದೇ ಕುಟುಂಬದ ಬಣ್ಣ ತಿಳಿಯಿಂದ ಗಾಢದವರೆಗೆ ಇರುತ್ತದೆ. ಎಲ್ಲಕ್ಕಿಂತ ಗಾಢವಾದದ್ದು ನವಿಲು ನೀಲಿಯ ಕಡೆ ವಾಲಿದ್ದರೆ ನಿಮ್ಮ ತಿಳಿ ನೀಲಿಯೊಳಗೆ ಹಸಿರಿದೆ. ಬದನೆಕಾಯಿ ಬಣ್ಣದ ಕಡೆ ವಾಲಿದ್ದರೆ ನೇರಳೆ ಇದೆ.

ಕಂಪನಿ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಟ್ಟಿದ್ದರೆ ಅದನ್ನೂ ಬರೆದುಕೊಳ್ಳಿ. ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಎಂಬ ಅಳತೆ ಅದು. ಕಡುಗಪ್ಪಿಗೆ 0, ಅಚ್ಚ ಬಿಳಿಗೆ 100. ಒಂದೇ ಸಣ್ಣ ಕಿಟಕಿ ಇರುವ ಕೋಣೆಗೆ 60ಕ್ಕಿಂತ ಮೇಲಿನದು ಒಳ್ಳೆಯದು. 50ಕ್ಕಿಂತ ಕೆಳಗೆ ಹೋದರೆ ಹಗಲಲ್ಲೇ ಲೈಟು ಹಾಕಬೇಕಾದೀತು.

2. ಬಣ್ಣ ಮರೆತು ಮೊದಲು ಕೋಣೆ ನೋಡಿ

ಒಂದು ಚೀಟಿಯಲ್ಲಿ ನಾಲ್ಕು ಸಂಗತಿ ಬರೆಯಿರಿ. ಕಿಟಕಿ ಯಾವ ದಿಕ್ಕಿಗಿದೆ, ಕಿಟಕಿ ಹೊರಗೆ ಏನಿದೆ, ನೆಲ ಯಾವುದು, ಮನೆಯವರು ಆ ಕೋಣೆಯಲ್ಲಿ ಜಾಸ್ತಿ ಇರುವ ಹೊತ್ತು ಯಾವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ.

ಪೂರ್ವದ ಕಿಟಕಿಯ ಕೋಣೆ ಬೆಳಿಗ್ಗೆ ಬೆಚ್ಚಗಿನ ಬೆಳಕು ಪಡೆದು ಮಧ್ಯಾಹ್ನದ ನಂತರ ಮಂಕಾಗುತ್ತದೆ. ಪಶ್ಚಿಮದ್ದು ತದ್ವಿರುದ್ಧ. ಸಂಜೆ ನಾಲ್ಕರ ಕೆಂಬಿಸಿಲು ತಿಳಿ ನೀಲಿಯ ಮೇಲೆ ಬಿದ್ದರೆ ಬಣ್ಣವೇ ಸತ್ತು ಬೂದಾಗಿ ಕಾಣುತ್ತದೆ. ಉತ್ತರದ ಕಿಟಕಿಯ ಬೆಳಕು ತಣ್ಣನೆಯದು, ದಿನವಿಡೀ ಬದಲಾಗದು ಅಂತ ಪುಸ್ತಕಗಳಲ್ಲಿ ಇರುತ್ತದೆ. ನಮ್ಮಲ್ಲಿ ಅದು ಪೂರ್ತಿ ನಿಜವಲ್ಲ. ನಾವಿರುವುದು ಸುಮಾರು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಕೊಂಚ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ಉಳಿದ ತಿಂಗಳು ತಣ್ಣನೆಯ ಬೆಳಕೇ. ಹಾಗಾಗಿ ಉತ್ತರದ ಕೋಣೆಗೆ ತೀರಾ ತಿಳಿಯಾದ, ಚುರುಕಾದ ನೀಲಿ ಬೇಡ. ಚಳಿಗಾಲದಲ್ಲಿ ಅದು ಬಿಕೋ ಅನ್ನಿಸುತ್ತದೆ.

ಕಿಟಕಿ ಹೊರಗಿನದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲು ಮೊದಲು ಅಂಗಳಕ್ಕೆ ಬಿದ್ದು, ಅಲ್ಲಿಂದ ಪುಟಿದು ಒಳಗೆ ಬರುತ್ತದೆ. ಬರುವಾಗ ಅಂಗಳದ ಬಣ್ಣವನ್ನೂ ಹೊತ್ತು ತರುತ್ತದೆ. ಸಂಡೂರು ಕಡೆ ಕೆಂಪು ಮಣ್ಣಿನ ಅಂಗಳವಿದ್ದರೆ, ಇಲ್ಲವೇ ಎದುರು ಮನೆಯ ಇಟ್ಟಿಗೆ ಗೋಡೆ ಹತ್ತಿರವಿದ್ದರೆ ಕೋಣೆಗೆ ಬರುವ ಬೆಳಕಿಗೆ ಕೇಸರಿ ಛಾಯೆ ಇರುತ್ತದೆ. ನೀಲಿಗೆ ಕೇಸರಿ ಎದುರಾಳಿ. ಎರಡೂ ಸೇರಿದರೆ ಬೂದು. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಕಾಲುವೆ ನೀರಿನ ಭತ್ತದ ಗದ್ದೆಗೆ ಅಂಟಿಕೊಂಡ ಮನೆಯಾದರೆ ಬೆಳೆ ನಿಂತಿರುವಷ್ಟು ದಿನ ಹಸಿರು ಬೆಳಕು ಬರುತ್ತದೆ. ಹಸಿರು ಒಳಬಣ್ಣದ ನೀಲಿ ಅಲ್ಲಿ ಪೂರ್ತಿ ಹಸಿರಿಗೇ ತಿರುಗೀತು. ಎರೆ ಮಣ್ಣಿನ ಅಂಗಳ ಬೆಳಕನ್ನು ಅಷ್ಟಾಗಿ ಪುಟಿಸುವುದಿಲ್ಲ. ಆ ಕೋಣೆ ಸ್ವಲ್ಪ ಮಬ್ಬು, ಆದರೆ ಬಣ್ಣ ಕೆಡುವುದಿಲ್ಲ.

ಕಿಟಕಿಗೆ ಕಂದು ಅಥವಾ ಹಸಿರು ಗಾಜು ಹಾಕಿದ್ದರೆ ಅದೂ ಚೀಟಿಯಲ್ಲಿ ಇರಲಿ.

3. ಮಾದರಿ ಹಲಗೆ ಮಾಡಿ

ಶೇಡ್ ಕಾರ್ಡಿನ ತುಂಡು ಬೆಂಕಿಪೊಟ್ಟಣದಷ್ಟು ಇರುತ್ತದೆ. ಅದನ್ನು ನೋಡಿ 400 ಚದರ ಅಡಿ ಗೋಡೆ ಊಹಿಸಲು ಯಾರಿಂದಲೂ ಆಗದು. ಎರಡೂ ಬಣ್ಣದ ಅತಿ ಸಣ್ಣ ಡಬ್ಬಿ ತನ್ನಿ. ಅಂಗಡಿಯಲ್ಲಿ ಟಿಂಟಿಂಗ್ ಮಷಿನ್ ಇದ್ದರೆ ಅಲ್ಲೇ ಕಲಸಿ ಕೊಡುತ್ತಾರೆ. ಗೋಡೆಗೆ ಯಾವ ದರ್ಜೆಯ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆಯ ಬಣ್ಣ) ಹಚ್ಚುತ್ತೀರೋ ಅದರಲ್ಲೇ ಕಲಸಿಸಿ. ಕಡಿಮೆ ದರದ್ದರಲ್ಲಿ ಮಾದರಿ ನೋಡಿ ದುಬಾರಿಯದರಲ್ಲಿ ಗೋಡೆ ಹಚ್ಚಿದರೆ ಒಂದೇ ಶೇಡ್ ಕೋಡ್ ಇದ್ದರೂ ಸಣ್ಣ ವ್ಯತ್ಯಾಸ ಬರಬಹುದು.

ದಪ್ಪ ರಟ್ಟು ಅಥವಾ ಪ್ಲೈವುಡ್ ತುಂಡು, ಎರಡು ಅಡಿಗೆ ಎರಡು ಅಡಿ. ಮೊದಲು ಬಿಳಿ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಲೇಪ, ಒಂದು ಕೈ. ಒಣಗಿದ ಮೇಲೆ ಬಣ್ಣ ಎರಡು ಕೈ, ನಡುವೆ ನಾಲ್ಕು ತಾಸು ಬಿಡಿ. ಪ್ರತಿ ಬಣ್ಣಕ್ಕೆ ಎರಡೆರಡು ಹಲಗೆ ಮಾಡಿ. ಯಾಕೆ ಎರಡು ಅಂತ ಮುಂದೆ ಹೇಳುತ್ತೇನೆ. ನೇರ ಗೋಡೆಗೇ ಹಚ್ಚಿ ನೋಡಬಹುದು ನಿಜ, ಆದರೆ ಹಲಗೆಯಾದರೆ ಕೋಣೆಯ ಎಲ್ಲ ಮೂಲೆಗೂ ಹೊತ್ತೊಯ್ಯಬಹುದು. ಹಳೆಯ ಬಣ್ಣದ ಮೋಸವೂ ಕಡಿಮೆ.

ಒದ್ದೆ ಬಣ್ಣ ನೋಡಿ ಮಾತ್ರ ತೀರ್ಮಾನ ಬೇಡ. ಇಲ್ಲಿ ಹಳೆಯ ತಲೆಮಾರಿನವರಿಗೂ ನಮಗೂ ಜಗಳ ಬರುತ್ತದೆ. ಅವರು ಸುಣ್ಣಕ್ಕೆ ಬಟ್ಟೆಯ ನೀಲಿ ಬೆರೆಸಿ ಹಚ್ಚಿದವರು, ಆಮೇಲೆ ಡಿಸ್ಟೆಂಪರ್ ಕಂಡವರು. ಎರಡೂ ಒಣಗಿದ ಮೇಲೆ ತಿಳಿಯಾಗುತ್ತವೆ. ಆ ಅನುಭವದಲ್ಲಿ "ಈಗ ಗಾಢ ಕಾಣ್ತದ, ಒಣಗಿದ್ರ ತಿಳಿ ಆಗ್ತದ" ಅನ್ನುತ್ತಾರೆ. ಎಮಲ್ಷನ್ ಅದರ ಉಲ್ಟಾ. ಒದ್ದೆ ಇರುವಾಗ ಹಾಲು ಬೆರೆಸಿದಂತಿದ್ದು ಒಣಗುತ್ತ ಗಾಢವಾಗುತ್ತದೆ. ಕನಿಷ್ಠ ಒಂದು ಇಡೀ ದಿನ ಒಣಗಲು ಬಿಡಿ.

4. ಮೂಲೆ ಪರೀಕ್ಷೆ

ಈಗ ಒಂದೇ ಬಣ್ಣದ ಎರಡು ಹಲಗೆಗಳನ್ನು ಗೋಡೆ ಗೋಡೆ ಸೇರುವ ಮೂಲೆಯಲ್ಲಿ, ಒಂದಕ್ಕೊಂದು ಮುಖ ಮಾಡಿ ನಿಲ್ಲಿಸಿ. ಎರಡೂ ಸೇರುವ ಗೆರೆಯ ಹತ್ತಿರ ನೋಡಿ. ಬಣ್ಣ ಅಲ್ಲಿ ದಟ್ಟವಾಗಿರುತ್ತದೆ. ಒಂದು ಗೋಡೆಯಿಂದ ಪುಟಿದ ನೀಲಿ ಬೆಳಕು ಇನ್ನೊಂದರ ಮೇಲೆ ಬಿದ್ದು ನೀಲಿಯ ಮೇಲೆ ನೀಲಿ ಕೂರುತ್ತದೆ. ನಾಲ್ಕೂ ಗೋಡೆ ಹಚ್ಚಿದಾಗ ಕೋಣೆಯಿಡೀ ಆಗುವುದು ಇದೇ. ಕಾರ್ಡಿನಲ್ಲಿ ಸೌಮ್ಯವಾಗಿದ್ದ ಬಣ್ಣ ಗೋಡೆಯಲ್ಲಿ ಅಬ್ಬರಿಸುವುದಕ್ಕೆ ಕಾರಣವೂ ಇದೇ.

ಆಕಾಶ ನೀಲಿಯ ಜೋಡಿ ಇಟ್ಟು ನೋಡಿ, ಆಮೇಲೆ ಬೂದು ನೀಲಿಯ ಜೋಡಿ. ಮೂಲೆಯಲ್ಲಿ ಯಾವುದು ಇನ್ನೂ ಒಪ್ಪಿಗೆಯಾಗುತ್ತದೋ ಅದು ಒಂದು ಅಂಕ ಗೆದ್ದ ಹಾಗೆ. ಎರಡೂ ಜಾಸ್ತಿ ಅನ್ನಿಸಿದರೆ ಅದೇ ಪಟ್ಟಿಯಲ್ಲಿ ಒಂದು ಮೆಟ್ಟಿಲು ತಿಳಿಯದಕ್ಕೆ ಹೋಗಿ. ನೀಲಿಯ ವಿಷಯದಲ್ಲಿ ಒಂದು ಮೆಟ್ಟಿಲು ಹಿಂದೆ ಸರಿದು ಪಶ್ಚಾತ್ತಾಪ ಪಟ್ಟವರನ್ನು ನಾನು ಕಂಡಿಲ್ಲ.

5. ಹೊತ್ತು ಹೊತ್ತಿಗೆ ನೋಡಿ

ಹಲಗೆಗಳನ್ನು ಕಿಟಕಿಯ ಎದುರು ಗೋಡೆಗೆ ಒಂದು ಸಲ, ಕಿಟಕಿ ಇರುವ ಗೋಡೆಗೇ ಒಂದು ಸಲ ಒರಗಿಸಿ. ಕಿಟಕಿ ಇರುವ ಗೋಡೆ ಯಾವಾಗಲೂ ಕತ್ತಲ ಗೋಡೆ, ಅಲ್ಲಿ ಬಣ್ಣ ಇನ್ನಷ್ಟು ಗಾಢ. ನೆಲಕ್ಕೆ ಮಲಗಿಸಿ ಮೇಲಿಂದ ನೋಡಬೇಡಿ. ಗೋಡೆ ನಿಂತಿರುತ್ತದೆ, ಹಲಗೆಯೂ ನಿಂತೇ ಇರಲಿ.

ಬೆಳಿಗ್ಗೆ ಎಂಟಕ್ಕೆ ಕಿಟಕಿ ತೆರೆದು. ಹನ್ನೆರಡಕ್ಕೆ ಕಿಟಕಿ ಮುಚ್ಚಿ, ನಿಮ್ಮ ಪರದೆಯನ್ನೇ ಎಳೆದು. ಸಂಜೆ ಐದಕ್ಕೆ. ದೀಪ ಹಾಕುವ ಮುಂಚಿನ ಮುಸ್ಸಂಜೆಗೆ. ರಾತ್ರಿ ಎಂಟಕ್ಕೆ ದೀಪದಲ್ಲಿ. ಪ್ರತಿ ಸಲ ಒಂದೊಂದೇ ಹಲಗೆ ಇಟ್ಟು ನೋಡಿ, ಆಮೇಲೆ ಜೋಡಿಯಾಗಿ. ಜೋಡಿಯಾಗಿ ನೋಡಿದರೆ ವ್ಯತ್ಯಾಸ ಮಾತ್ರ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ನೀವು ಬದುಕುವುದು ಒಂದರ ಜೊತೆ ತಾನೆ?

ಕೊಪ್ಪಳದಲ್ಲಿ ನಮ್ಮ ಅಕ್ಕನ ಮನೆಯ ಮಲಗುವ ಕೋಣೆಗೆ ಹೀಗೇ ಮಾಡಿದೆವು. ಪಶ್ಚಿಮದ ಕಿಟಕಿ, ನೆಲಕ್ಕೆ ಶಹಾಬಾದ್ ಕಲ್ಲು. ಬೆಳಿಗ್ಗೆ ಆಕಾಶ ನೀಲಿಯೇ ಚೆಂದ, ಅದರಲ್ಲಿ ಅನುಮಾನ ಇರಲಿಲ್ಲ. ಭಾವ ಆಗಲೇ ಅಂಗಡಿಗೆ ಫೋನು ಮಾಡಲು ಹೊರಟಿದ್ದರು. ಮಧ್ಯಾಹ್ನ ಮರೂನ್ ಪರದೆ ಎಳೆದಾಗ ಆಕಾಶ ನೀಲಿಯ ಮೇಲೆ ಕೊಳೆ ಕೂತ ಹಾಗೆ ಒಂದು ಛಾಯೆ ಬಂತು. ಬೂದು ನೀಲಿ ಸ್ವಲ್ಪ ಕಪ್ಪಾಯಿತು ಅಷ್ಟೇ, ಕೆಡಲಿಲ್ಲ. ಸಂಜೆ ಐದರ ಬಿಸಿಲು ಹಲಗೆಯ ಅರ್ಧಕ್ಕೆ ಬಿದ್ದಾಗ ಆಕಾಶ ನೀಲಿ ಒಂದೇ ಹಲಗೆಯಲ್ಲಿ ಎರಡು ಬಣ್ಣವಾಗಿ ಕಂಡಿತು. ಬಿಸಿಲಿದ್ದ ಕಡೆ ಬೆಳ್ಳಗೆ, ನೆರಳಿನ ಕಡೆ ನೀಲಿ. ಅಕ್ಕ ಆ ಕೋಣೆಗೆ ಹೋಗುವುದೇ ಮಧ್ಯಾಹ್ನದ ನಿದ್ದೆಗೆ ಮತ್ತು ರಾತ್ರಿ. ಬೆಳಿಗ್ಗೆ ಎಂಟಕ್ಕೆ ಆಕೆ ಅಡುಗೆಮನೆಯಲ್ಲಿ ಇರುತ್ತಾಳೆ. ಬೂದು ನೀಲಿಗೆ ಒಪ್ಪಿಗೆಯಾಯಿತು.

ಮುಸ್ಸಂಜೆಯ ವಿಷಯ ಸ್ವಲ್ಪ ವಿಚಿತ್ರ. ಬೆಳಕು ತೀರಾ ಕಡಿಮೆಯಾದಾಗ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಮಾತ್ರ ಇನ್ನೂ ಬೆಳ್ಳಗಿರುತ್ತದೆ. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಕರೆಂಟ್ ಹೋದ ಸಂಜೆ ನೀಲಿ ಕೋಣೆ ಚೆಂದ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎಲ್ಲ ನೀಲಿಯೂ ಆಗ ಚೆಂದವೇ.

ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಮಗಳಿಗೆ ಕಳಿಸಿ ಅಭಿಪ್ರಾಯ ಕೇಳುವುದು ಈಗ ರೂಢಿ. ಕ್ಯಾಮೆರಾ ಬೆಳಕಿನ ಬಣ್ಣವನ್ನು ತಾನೇ ತಿದ್ದುತ್ತದೆ, ನೀಲಿಯಲ್ಲಿ ಆ ತಿದ್ದುಪಡಿ ಎದ್ದು ಕಾಣುತ್ತದೆ. ಕಳಿಸಲೇಬೇಕಾದರೆ ಎರಡೂ ಹಲಗೆ, ನಡುವೆ ಒಂದು ಬಿಳಿ ಹಾಳೆ, ಒಂದೇ ಚೌಕಟ್ಟಿನಲ್ಲಿ ಬರಲಿ.

ಮನೆಯ ಹಿರಿಯರನ್ನು ಕೇಳುವಾಗ ಒಂದು ಗಮನವಿರಲಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಮಂಕಾಗಿ ಕಾಣುತ್ತದೆ. ಅಪ್ಪನಿಗೆ ಎರಡೂ ಒಂದೇ ಅನ್ನಿಸಿದರೆ ಅವರ ಮಾತು ಸುಳ್ಳಲ್ಲ. ಪೊರೆ ಆಪರೇಷನ್ ಆದವರಿಗೆ ಮಾತ್ರ ನೀಲಿ ಇದ್ದಕ್ಕಿದ್ದಂತೆ ಎದ್ದು ಕಾಣುತ್ತದೆ. ಆಪರೇಷನ್ ಹತ್ತಿರದಲ್ಲೇ ಇದ್ದರೆ ಅವರ ಕೋಣೆಗೆ ಬೂದು ನೀಲಿಯೇ ಕ್ಷೇಮ.

6. ದೀಪವನ್ನೂ ಬದಲಿಸಿ ನೋಡಿ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಪಟ್ಟಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಡಬ್ಬಿಯ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಅದರ ಬೆಳಕಿನಲ್ಲೇ ನೀಲಿ ಜಾಸ್ತಿ. ಆಕಾಶ ನೀಲಿ ಗೋಡೆಗೆ ಅದು ಬಿದ್ದರೆ ಕೋಣೆ ಕೊರೆಯುತ್ತದೆ, ಊಟದ ತಟ್ಟೆಯಲ್ಲಿರುವ ಅನ್ನ ಸಾರು ಕೂಡ ಬಿಳಿಚಿಕೊಂಡು ಕಾಣುತ್ತದೆ. ಇನ್ನೊಂದು ತುದಿ 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು. ಅದರಲ್ಲಿ ನೀಲಿ ಕಡಿಮೆ ಇರುವುದರಿಂದ ಗೋಡೆಯ ನೀಲಿ ಮಂಕಾಗುತ್ತದೆ. ಹಸಿರು ಒಳಬಣ್ಣ ಇದ್ದರೆ ಗೋಡೆ ಹಸಿರೇ ಆಗಿಬಿಡುತ್ತದೆ.

ನನ್ನ ಮಾತು ಕೇಳುವುದಾದರೆ ನೀಲಿ ಕೋಣೆಗೆ 4000 ಕೆಲ್ವಿನ್ ಹಾಕಿ. ಸಿಆರ್‌ಐ ಅಂಕಿ 90 ಅಥವಾ ಮೇಲಿದ್ದರೆ ಇನ್ನೂ ಒಳ್ಳೆಯದು, ಬಣ್ಣಗಳನ್ನು ಇದ್ದ ಹಾಗೆ ತೋರಿಸುತ್ತದೆ. ಒಂದು ಬಲ್ಬಿನ ಖರ್ಚು ಮರಳಿ ಬಣ್ಣ ಹಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ. ದೀಪ ಬದಲಿಸಲು ಮನೆಯಲ್ಲಿ ಒಪ್ಪದಿದ್ದರೆ, ಇರುವ ದೀಪದಲ್ಲಿ ಗೆದ್ದ ಹಲಗೆಯೇ ಗೆದ್ದಿದ್ದು.

7. ಬದಲಾಗದ ವಸ್ತುಗಳ ಪಕ್ಕ ಇಡಿ

ನೆಲ, ಬಾಗಿಲು, ಕಪಾಟು ಬದಲಾಗುವುದಿಲ್ಲ. ಹಲಗೆಯ ಕೆಳಅಂಚು ನೆಲಕ್ಕೆ ತಾಗಲಿ. ಶಹಾಬಾದ್ ಕಲ್ಲಿನ ಬೂದಿನ ಜೊತೆ ಬೂದು ನೀಲಿ ಬೆರೆತುಹೋಗಿ ಕೋಣೆ ಸಪ್ಪೆಯಾಗಲೂಬಹುದು. ಅಕ್ಕನ ಮನೆಯಲ್ಲಿ ತೇಗದ ಬಾಗಿಲು ಇದ್ದದ್ದರಿಂದ ಆ ತೊಂದರೆ ಬರಲಿಲ್ಲ. ಕರಿ ಕಡಪ ಕಲ್ಲಿನ ನೆಲಕ್ಕೆ ತಿಳಿ ನೀಲಿ ಒಳ್ಳೆಯ ಜೋಡಿ. ರೆಡ್ ಆಕ್ಸೈಡ್ ನೆಲ ಇದ್ದರೆ ಆಕಾಶ ನೀಲಿ ಮೊದಲ ನೋಟಕ್ಕೇ ಕಚ್ಚಾಡುತ್ತದೆ, ಬೂದು ನೀಲಿ ಹೊಂದುತ್ತದೆ. ಕೆನೆ ಬಣ್ಣದ ಟೈಲ್ಸಿಗೆ ನೇರಳೆ ಒಳಬಣ್ಣದ ನೀಲಿ ಬೇಡ, ಟೈಲ್ಸ್ ಹಳದಿಗಟ್ಟಿದಂತೆ ಕಾಣುತ್ತದೆ.

ವಾಸ್ತು ನೋಡುವವರು ಮನೆಯಲ್ಲಿದ್ದರೆ ಆ ಮಾತನ್ನು ಡಬ್ಬಿ ತರುವ ಮುಂಚೆಯೇ ಮುಗಿಸಿ.

8. ಧೂಳು ಮತ್ತು ಹೊಳಪು

ಗಣಿ ಲಾರಿ ಓಡಾಡುವ ರಸ್ತೆಯ ಬದಿಯ ಮನೆಗೆ ಕೆಂಪು ಧೂಳು ತಪ್ಪಿದ್ದಲ್ಲ. ಕಿಟಕಿಯ ಸುತ್ತ, ಸ್ವಿಚ್ ಬೋರ್ಡಿನ ಮೇಲೆ, ಫ್ಯಾನಿನ ಗಾಳಿ ತಾಗುವ ಗೋಡೆಯ ಮೇಲ್ಭಾಗದಲ್ಲಿ ಅದು ಕೂರುತ್ತದೆ. ಅಚ್ಚ ತಿಳಿ ನೀಲಿಯ ಮೇಲೆ ಕೆಂಪು ಧೂಳು ಬೇಗ ಕಾಣುತ್ತದೆ. ಬೂದು ನೀಲಿ ಅದನ್ನು ಮುಚ್ಚಿಕೊಳ್ಳುತ್ತದೆ. ಒಣಗಿದ ಹಲಗೆಯ ಮೇಲೆ ಕಿಟಕಿ ಕಟ್ಟೆಯ ಧೂಳನ್ನೇ ಬೆರಳಿಂದ ಸವರಿ, ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಕಲೆ ಉಳಿದರೆ ಬಣ್ಣಕ್ಕಿಂತ ಎಮಲ್ಷನ್ನಿನ ದರ್ಜೆ ಬದಲಿಸಬೇಕು.

ಹೊಳಪಿಲ್ಲದ ಮ್ಯಾಟ್ ಫಿನಿಶ್, ಗೋಡೆಯ ಏರುತಗ್ಗು ಮುಚ್ಚುತ್ತದೆ, ಆದರೆ ಒರೆಸಿದಷ್ಟೂ ಗುರುತು ಬೀಳುತ್ತದೆ. ಹೊಳಪಿನದು ತೊಳೆಯಲು ಸುಲಭ, ಆದರೆ ಗೋಡೆ ನಯ ಮಾಡಲು ಬಳಿದ ಪುಟ್ಟಿಯನ್ನು ಸರಿಯಾಗಿ ಉಜ್ಜಿರದಿದ್ದರೆ ಓರೆ ಬಿಸಿಲಿನಲ್ಲಿ ಎಲ್ಲ ಬಯಲು. ಮಕ್ಕಳಿರುವ ಮನೆಗೆ ನಡುವಿನ ಹೊಳಪು ಸಾಕು.

9. ಇನ್ನೂ ಸಮಸಮ ಇದ್ದರೆ

ಕೋಣೆಯಲ್ಲಿ ಜಾಸ್ತಿ ಹೊತ್ತು ಇರುವವರಿಗೆ ಬಿಟ್ಟುಬಿಡಿ. ಅದೂ ಬಗೆಹರಿಯದಿದ್ದರೆ ಬೂದು ಬೆರೆತದ್ದನ್ನು ಆರಿಸಿ. ನಮ್ಮ ಬಿಸಿಲು, ನಮ್ಮ ಟ್ಯೂಬ್‌ಲೈಟು, ನಮ್ಮ ಧೂಳು ಮೂರೂ ಅದರ ಪರವಾಗಿವೆ. ಎರಡನ್ನೂ ಒಂದೇ ಕೋಣೆಯಲ್ಲಿ ಎರಡೆರಡು ಗೋಡೆಗೆ ಹಚ್ಚುವ ರಾಜಿ ಮಾತ್ರ ಬೇಡ. ಹತ್ತಿರದ ಎರಡು ನೀಲಿ ಪಕ್ಕಪಕ್ಕ ಬಂದರೆ ನೋಡಿದವರು ಡಬ್ಬಿ ಸಾಲದೆ ಬೇರೆ ತಂದಿದ್ದಾರೆ ಅಂದುಕೊಳ್ಳುತ್ತಾರೆ. ಆಕಾಶ ನೀಲಿಯ ಪಕ್ಷದವರಿಗೆ ಮಕ್ಕಳ ಕೋಣೆಯೋ ಪೂರ್ವದ ಕಿಟಕಿಯ ಪಡಸಾಲೆಯೋ ಕೊಡಿ.

10. ತರುವುದು, ಹಚ್ಚುವುದು

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ, ಹತ್ತು ಅಡಿ ಎತ್ತರ ಅಂದರೆ ಗೋಡೆ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ನಯವಾದ ಗೋಡೆಗೆ ಎರಡು ಕೈ ಹಚ್ಚಲು ಒಂದು ಲೀಟರ್ ಸುಮಾರು 100ರಿಂದ 150 ಚದರ ಅಡಿ ಬರುತ್ತದೆ. ನಾಲ್ಕು ಲೀಟರ್ ಲೆಕ್ಕ ಹಿಡಿಯಿರಿ. ಎಲ್ಲವನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕಲಸಿಸಿ. ಒಂದಕ್ಕಿಂತ ಹೆಚ್ಚು ಡಬ್ಬಿ ಆದರೆ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿ. ಇಲ್ಲದಿದ್ದರೆ ಡಬ್ಬಿ ಮುಗಿದ ಜಾಗ ಗೋಡೆಯ ಮೇಲೆ ಗೊತ್ತಾಗುತ್ತದೆ. ಒಂದು ಕಂಪನಿಯ ಕೋಡನ್ನು ಇನ್ನೊಂದು ಕಂಪನಿಯ ಬಣ್ಣದಲ್ಲಿ ಕಲಸಿ ಕೊಡುತ್ತೇವೆ ಅಂದರೆ ಮತ್ತೆ ಹಲಗೆ ಹಚ್ಚಿ ನೋಡದೆ ಒಪ್ಪಬೇಡಿ.

ಹೊಸ ಗಾರೆಯಾದರೆ ಕನಿಷ್ಠ 28 ದಿನ ಕಾಯಿರಿ. ಹಸಿ ಗೋಡೆಯಿಂದ ಉಪ್ಪು ಬಿಟ್ಟುಕೊಂಡರೆ ನೀಲಿಯ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ. ಹಳೆಯ ಗೋಡೆಯ ಬಣ್ಣ ಗಾಢವಾಗಿದ್ದರೆ ಬಿಳಿ ಪ್ರೈಮರ್ ಬಿಡಬೇಡಿ. ಪೇಂಟರ್ ನೀರು ಎಷ್ಟು ಬೆರೆಸುತ್ತಾರೆ ಅಂತ ಡಬ್ಬಿಯ ಮೇಲಿನ ಪ್ರಮಾಣದ ಜೊತೆ ತಾಳೆ ನೋಡಿ. ಮೊದಲ ಕೈ ಹಚ್ಚಿದಾಗ ಬಣ್ಣ ಪಟ್ಟೆಪಟ್ಟೆಯಾಗಿ ಕಂಡರೆ ಗಾಬರಿ ಬೇಡ, ಎರಡನೇ ಕೈ ಒಣಗಿದ ಮೇಲೆ ಮಾತಾಡಿ.

ಉಳಿದ ಬಣ್ಣವನ್ನು ಬಾಯಿ ಬಿಗಿಯಾಗಿ ಮುಚ್ಚುವ ಸಣ್ಣ ಡಬ್ಬಿಗೆ ಸುರಿದು ನೆರಳಲ್ಲಿಡಿ. ಡಬ್ಬಿಯ ಮೇಲೆ ಕಂಪನಿ, ಶೇಡ್ ಕೋಡ್, ಬೇಸ್ (ಶೇಡ್ ಕಲಸಲು ಬಳಸಿದ ಮೂಲ ಬಣ್ಣ), ಎಮಲ್ಷನ್ನಿನ ಹೆಸರು, ತಾರೀಖು ಬರೆಯಿರಿ. ಅದನ್ನೇ ಕಪಾಟಿನ ಬಾಗಿಲ ಒಳಮುಖಕ್ಕೂ ಒಂದು ಚೀಟಿಯಲ್ಲಿ ಅಂಟಿಸಿ. ಮೊಳೆ ಕಿತ್ತ ತೂತು ಮುಚ್ಚುವಾಗ ಆ ಬಣ್ಣವನ್ನು ತೂತಿನಷ್ಟಕ್ಕೇ ಮುಟ್ಟಿಸಿ. ಸುತ್ತ ಅಗಲವಾಗಿ ಹಚ್ಚಿದರೆ ನೀಲಿ ಗೋಡೆಯಲ್ಲಿ ತೇಪೆ ಬಿದ್ದಂತೆ ಕಾಣುತ್ತದೆ.